ಮಲ್ಲಕ್ಕ ಸರಿದೂಗಿಸಿದ ಕುಬಸ

ಮಲ್ಲಕ್ಕನ ಬಾಯಲ್ಲಿ ಒಂದು ಮಾತು ಸದಾ ಓಡಾಡಿಕೊಂಡಿರುತ್ತಿತ್ತು: ಸರಿದೂಗಿಸು. ಸಾರಿಗೆ ಉಪ್ಪು ಹೆಚ್ಚಾದರೆ ಹುಣಸೆಹುಳಿ ಹಿಂಡಿ ಸರಿದೂಗಿಸುವಳು. ಗಂಡ ಮರೆಪ್ಪ ಬಾಗಿಲಿಗೆ ಬಂದ ನೆಂಟನ ಮೇಲೆ ಸಿಡುಕಿ ಕಳಿಸಿದರೆ, ಆ ನೆಂಟ ವಡಾಲ ಸ್ಟೇಷನ್ ಮುಟ್ಟುವುದರೊಳಗೆ ಫೋನು ಹಚ್ಚಿ, ನಕ್ಕು ಮಾತಾಡಿ ಸರಿದೂಗಿಸುವಳು. ಒಂದು ಕಡೆ ಜಗ್ಗಿದ್ದನ್ನು ಇನ್ನೊಂದು ಕಡೆಯಿಂದ ಎತ್ತಿ ಹಿಡಿದರೆ ಸಂಸಾರ ನಡೆಯಿತು ಅಂತ ಅವಳ ತಿಳುವಳಿಕೆ. ಆದರೆ ಆ ಮಾತಿಗೆ ನಿಜವಾದ ಮರ್ಯಾದೆ ಸಿಗುತ್ತಿದ್ದದ್ದು ಅವಳ ಹೊಲಿಗೆಯಲ್ಲಿ.

ಆಂಟಾಪ್ ಹಿಲ್ಲಿನ ಹಳೇ ಬಿಲ್ಡಿಂಗೊಂದರ ತಳಮಹಡಿಯ ಖೋಲಿಯಲ್ಲಿ, ಬಾಗಿಲಿಗೆ ಮುಖ ಮಾಡಿಟ್ಟ ಮಷೀನಿನ ಮುಂದೆ ಕೂತು ಮಲ್ಲಕ್ಕ ಕುಬಸ, ಅಂದರೆ ರವಿಕೆ, ಹೊಲಿಯುತ್ತಿದ್ದಳು. ಬಾಗಲಕೋಟೆ, ಗದಗ, ಕಲಬುರಗಿ ಕಡೆಯಿಂದ ಬಂದು ಸುತ್ತಮುತ್ತ ನೆಲೆಸಿದ ಹೆಂಗಸರಿಗೆಲ್ಲ ಅವಳೇ ಬೇಕು. ಪೇಟೆಯಲ್ಲಿ ಟೇಲರುಗಳಿಗೇನು ಬರಗಾಲವೇ? ಆದರೆ ಗುಳೇದಗುಡ್ಡದ ಖಣವನ್ನು ಅವರ ಕೈಗೆ ಕೊಡಲು ಯಾರಿಗೂ ಧೈರ್ಯವಿಲ್ಲ. ಖಣ ಹಟಮಾರಿ ಬಟ್ಟೆ. ಮೈತುಂಬ ಸಾಲುಸಾಲಾಗಿ ಚಿತ್ತಾರ. ಎಡ ಎದೆಯ ಸಾಲು ಗುಂಡಿಪಟ್ಟಿಯ ಹತ್ತಿರ ಬಂದು ಬಲ ಎದೆಯ ಸಾಲಿಗೆ ಕೂಡದಿದ್ದರೆ, ಕುಡುಕ ಗೌಂಡಿ ಹಚ್ಚಿದ ಟೈಲ್ಸಿನಂತೆ ಕಾಣುತ್ತದೆ. ಮಲ್ಲಕ್ಕನ ಕೈಯಲ್ಲಿ ಮಾತ್ರ ಸಾಲಿಗೆ ಸಾಲು ತಪ್ಪದೆ ಬಂದು ಕೂಡುತ್ತಿತ್ತು.

ಅವಳ ಕೆಲಸದಲ್ಲಿ ಗುಟ್ಟೇನೂ ಇರಲಿಲ್ಲ. ಬಟ್ಟೆಯನ್ನು ನಟ್ಟನಡುವೆ ಮಡಚಬೇಕು, ಅರ್ಧದ ಮೇಲೆ ಗೆರೆ ಹಾಕಬೇಕು, ಎರಡು ಪದರಕ್ಕೂ ಸೇರಿಸಿ ಒಂದೇ ಸಲ ಕತ್ತರಿ ಓಡಿಸಬೇಕು. ಬಿಡಿಸಿದರೆ ಈ ಕಡೆ ಹೇಗೋ ಆ ಕಡೆಯೂ ಹಾಗೆ. ದೇವರು ಮನುಷ್ಯರನ್ನೂ ಹೀಗೇ ಮಡಚಿ ಕತ್ತರಿಸಿದ್ದಾನೆ, ಅದಕ್ಕೇ ಎರಡು ಕಣ್ಣು, ಎರಡು ಕೈ ಅಂತ ಅವಳು ನಂಬಿದ್ದಳು. ಇನ್ನು ಅಳತೆಗೆ ಟೇಪು ಹಿಡಿದು ಯಾರ ಮೈಯನ್ನೂ ಅವಳು ಮುಟ್ಟಿದವಳಲ್ಲ. ತನಗೆ ಚೆಂದ ಕೂತ ಹಳೇ ಕುಬಸವೊಂದನ್ನು ಗಿರಾಕಿಯೇ ತಂದು ಕೊಡುತ್ತಿದ್ದಳು. ಅದಕ್ಕೆ ಅಳತೆ ಕುಬಸ ಅನ್ನುವುದು. ಅದನ್ನೂ ಮಡಚಿ, ಖಣದ ಮೇಲಿಟ್ಟು ಗೆರೆ ಎಳೆದರೆ ಮುಗಿಯಿತು. ಮುಟ್ಟುವವಳಿಗೂ ಸಂಕೋಚವಿಲ್ಲ, ಮುಟ್ಟಿಸಿಕೊಳ್ಳುವವಳಿಗೂ ಇಲ್ಲ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ, ಮಲಾಡಿನಿಂದ ಸೋನಾಲಿ ಬಂದಳು. ತುಂಬಿದ ಬಸುರಿ, ಏದುಸಿರು ಬಿಡುತ್ತ ಹೊಸ್ತಿಲ ಮೇಲೇ ಕೂತಳು. ಸೋನಾಲಿ ಶಿವಕುಮಾರಿಯ ಮಗಳು. ಶಿವಕುಮಾರಿ ಮಲ್ಲಕ್ಕನ ಗೋಡೆಗೆ ಗೋಡೆ ಹಚ್ಚಿದ ಖೋಲಿಯಲ್ಲಿ ಅರ್ಧ ಆಯುಷ್ಯ ಕಳೆದವಳು. ಬೀದಿ ತುದಿಯಲ್ಲಿ ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಸಂಜೆ ಉಳಿದ ಮೆಂತೆಸೊಪ್ಪು ಮಲ್ಲಕ್ಕನ ಮನೆಗೆ, ಮಲ್ಲಕ್ಕನ ಮನೆಯ ಚೂರುಬಟ್ಟೆ ಅವಳ ಮನೆಗೆ. ಮಗಳಿಗೆ ಒಳ್ಳೆ ಕೆಲಸ ಸಿಕ್ಕ ಮೇಲೆ ಮಲಾಡಿಗೆ ಮನೆ ಬದಲಿಸಿದರು. ಮೊದಮೊದಲು ದಿನಾ ಫೋನು. ಕಳೆದ ವರ್ಷದಿಂದ ಅದೂ ನಿಂತಿತ್ತು. ಮಲ್ಲಕ್ಕ ಮಾಡಿದರೆ ‘ಆಮ್ಯಾಲ ಮಾಡ್ತೀನಿ’ ಅನ್ನುವಳು, ಮಾಡುತ್ತಿರಲಿಲ್ಲ. ಲಿಫ್ಟಿನ ಬಿಲ್ಡಿಂಗ್ ಸೇರಿದವಳಿಗೆ ತಳಮಹಡಿ ಎಲ್ಲಿ ಕಂಡೀತು ಅಂತ ಮಲ್ಲಕ್ಕ ಒಳಗೊಳಗೇ ಕುದಿಯುತ್ತಿದ್ದಳು.

“ಆಂಟಿ, ನೆಕ್ಸ್ಟ್ ಸಂಡೇ ನನ್ನ ಕುಬಸ. ವಡಾಲದಲ್ಲಿ ಹಾಲ್ ಬುಕ್ ಮಾಡಿದೀವಿ,” ಅಂದಳು ಸೋನಾಲಿ. “ಇದು ಗ್ರೀನ್, ನಂದು. ಇದು ರೆಡ್, ಮಮ್ಮೀದು. ಮಮ್ಮಿ ಬೋಲಿ, ಆಂಟಿನೇ ಹೊಲೀಬೇಕು.”

ಬಸುರಿಗೆ ತವರಿನವರು ಹಸಿರು ಖಣದ ಕುಬಸ ತೊಡಿಸಿ ಉಡಿ ತುಂಬುವ ಕಾರ್ಯಕ್ಕೆ ನಮ್ಮ ಕಡೆ ಕುಬಸ ಅಂತಲೇ ಹೆಸರು. ಬಟ್ಟೆಯ ಹೆಸರೇ ಹಬ್ಬಕ್ಕೆ ಬಂದಿದೆ ಅಂದಮೇಲೆ ಆ ದಿನ ಹೊಲಿಗೆ ಎಷ್ಟು ಕಣ್ಣಿಗೆ ಬೀಳುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮಗಳು ಹಸೆಯ ಮೇಲೆ, ತಾಯಿ ಎದುರಿಗೆ, ಸುತ್ತ ನೂರು ಹೆಂಗಸರು. ಮಲ್ಲಕ್ಕನ ಕೋಪ ಅರ್ಧ ಇಳಿಯಿತು. ಕೆಂಪು ಖಣದ ಜೊತೆ ಬಂದ ಅಳತೆ ಕುಬಸ ನೋಡಿ ಉಳಿದರ್ಧವೂ ಇಳಿಯಿತು. ಅದು ಸೋನಾಲಿಯ ಮದುವೆಗೆ ಶಿವಕುಮಾರಿಗೆ ತಾನೇ ಹೊಲಿದುಕೊಟ್ಟದ್ದು.

ಖಣ ಮಡಚಿ, ಸಾಲಿಗೆ ಸಾಲು ಕೂಡಿಸುವುದನ್ನು ಸೋನಾಲಿ ಬಗ್ಗಿ ನೋಡಿದಳು. ಅವಳು ಕೆಲಸ ಮಾಡುವ ಆಫೀಸಿನಲ್ಲಿ ಸಾಬೂನು, ಎಣ್ಣೆಯ ಡಬ್ಬಿಗಳ ಮೇಲಿನ ಚಿತ್ರ ಬರೆಯುತ್ತಾರೆ.

“ನಮ್ಮಲ್ಲೂ ಸೇಮ್, ಆಂಟಿ. ಕಂಪ್ಯೂಟರ್‌ನಲ್ಲಿ ಒಂದು ಸೈಡ್ ಮಾಡಿ ಕ್ಲಿಕ್ ಮಾಡಿದ್ರೆ ದೂಸರಾ ಸೈಡ್ ತಾನೇ ಬರ್ತದೆ. ಸಿಮೆಟ್ರಿಕಲ್. ಕನ್ನಡದಲ್ಲಿ ಅದಕ್ಕೆ ಕ್ಯಾ ಬೋಲ್ತೇ?”

“ಸರಿದೂಗಸೂದು.”

“ಸರಿ... ದೂ... ಗಸೂದು,” ಅಂತ ಸೋನಾಲಿ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವಳಂತೆ ಹೇಳಿದಳು. “ಅಂದ್ರೆ ಎರಡೂ ಸೈಡ್ ಸೇಮ್ ಮಾಡೋದು?”

“ಹೂಂ, ಮತ್ತೇನ? ಎರಡೂ ಕಡಿ ಒಂದ ನಮೂನಿ.”

ಸೋನಾಲಿಯ ಮುಖ ಯಾಕೋ ಸಣ್ಣದಾಯಿತು. ಬಸುರಿಗೆ ಆಯಾಸ ಅಂತ ಮಲ್ಲಕ್ಕ ನಿಂಬೆಹಣ್ಣಿನ ಪಾನಕ ಮಾಡಿ ಕೊಟ್ಟು ಕಳಿಸಿದಳು.

ಎರಡು ಕುಬಸವನ್ನೂ ಮಲ್ಲಕ್ಕ ಬೇರೆ ಕೆಲಸ ಪಕ್ಕಕ್ಕಿಟ್ಟು ಹೊಲಿದಳು. ಹಸಿರಿಗಿಂತ ಕೆಂಪಿನ ಮೇಲೆಯೇ ಅವಳ ಜೀವ. ಹೂಕು ಹಾಕಿ ನೋಡಿದರೆ ಬಟ್ಟೆ ಎಲ್ಲಿ ಸೀಳಿದೆ ಅಂತ ಹುಡುಕಬೇಕು, ಹಾಗೆ ಕೂಡಿತ್ತು. ಮರೆಪ್ಪನನ್ನು ಕರೆದು ತೋರಿಸಿದಳು. ಅವನು ಟಿವಿಯಿಂದ ಕಣ್ಣು ತೆಗೆಯದೆ ‘ಛಲೋ ಐತಿ’ ಅಂದ. ಮಲಾಡಿನವಳು ಇದನ್ನು ತೊಟ್ಟು ನಿಂತಾಗಲಾದರೂ ತಳಮಹಡಿಯ ನೆನಪು ಬರಲಿ ಅಂತ ಹಾರೈಸಿ ಮಲ್ಲಕ್ಕ ಇಸ್ತ್ರಿ ಹಾಕಿದಳು.

ಕೊಂಡುಹೋದ ಸೋನಾಲಿ ಬುಧವಾರ ಮತ್ತೆ ಬಂದಳು. ಕೈಯಲ್ಲಿ ಅದೇ ಕೆಂಪು ಕುಬಸ.

“ಆಂಟಿ, ಮಮ್ಮೀಗೆ ಫಿಟಿಂಗ್ ಬರೋಬರ್ ಆಗಿಲ್ಲ. ಲೆಫ್ಟ್ ಸೈಡ್ ಲೂಸ್ ಇದೆ.”

“ಲೆಫ್ಟ್ ಸೈಡ್ ಅಷ್ಟ ಲೂಸ? ಅದ್ಹೆಂಗ ಆಗ್ತೈತಿ?” ಮಲ್ಲಕ್ಕ ಹುಬ್ಬು ಗಂಟಿಕ್ಕಿದಳು. ಅಳತೆ ಕುಬಸವನ್ನು ಹೊಸದರ ಮೇಲೆ ಹಾಸಿದಳು. ಎಳೆಗೆ ಎಳೆ ಸರಿ. ತಿರುವಿ ಹಾಸಿದಳು. ಆಗಲೂ ಸರಿ. “ನೋಡು, ನೀನ ನೋಡು. ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಳಂತ. ಸಣ್ಣ ಆಗಿದ್ರ ಎರಡೂ ಕಡಿ ಸಣ್ಣ ಆಗಿರ್ತಾಳ ನಿಮ್ಮವ್ವ, ಒಂದ ಕಡಿ ಆಗ್ತಾಳೇನು?”

ಸೋನಾಲಿ ಇದ್ದಕ್ಕಿದ್ದಂತೆ ಅಳಲು ಶುರು ಮಾಡಿದಳು. “ಮಮ್ಮಿ ನಹೀ ಆಯೇಗಿ ಆಂಟಿ. ಸಂಡೇ ಬರಲ್ಲ ಅಂತ ಡಿಸೈಡ್ ಮಾಡಿದಾಳೆ. ಎಲ್ಲಾರಿಗೂ ಜ್ವರ ಅಂತ ಹೇಳು ಅಂದ್ಳು. ನನ್ನ ಕುಬಸಕ್ಕೆ ನಮ್ಮ ಮಮ್ಮಿನೇ ಇಲ್ಲ ಅಂದ್ರೆ ನಾನು ಯಾಕೆ ಕೂರ್ಬೇಕು?”

“ಒಂದು ಕುಬಸ ಸಡ್ಲಾತು ಅಂತ ಮಗಳ ಕಾರ್ಯಕ್ಕ ಬರಂಗಿಲ್ಲಾ?”

“ನಾನು ಬೋಲ್ ನಹೀ ಸಕತಿ. ಆಣೆ ಹಾಕಿಸಿದಾಳೆ.”

ಹೆಣ್ಣುಮಗಳು ಹೊಟ್ಟೆ ಹಿಡಿದುಕೊಂಡು ಅಳುವುದನ್ನು ನೋಡಿ ಮಲ್ಲಕ್ಕನಿಗೆ ಶಿವಕುಮಾರಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೊಡ್ಡ ಮನೆಯ ಸೊಕ್ಕು ಇಷ್ಟು ಏರಿತೇ? ಅಳತೆ ಕುಬಸ ಎಂದೂ ಸುಳ್ಳು ಹೇಳುವುದಿಲ್ಲ, ಹೇಳುವವಳು ಅವಳೇ. ಮರುದಿನ ಬೆಳಿಗ್ಗೆ ಮರೆಪ್ಪನಿಗೆ ರೊಟ್ಟಿ ಬಡಿದಿಟ್ಟು, ಕುಬಸವನ್ನು ಚೀಲಕ್ಕೆ ತುರುಕಿ, ವಡಾಲದಿಂದ ಗೋರೆಗಾಂವ್ ಲೋಕಲ್ ಹತ್ತಿದಳು. ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಳ್ಳುತ್ತಿದ್ದಳು. ಗೋರೆಗಾಂವಿನಲ್ಲಿ ಗಾಡಿ ಬದಲಿಸಿ ಮಲಾಡಿನಲ್ಲಿ ಇಳಿಯುವಾಗ ಒಂದು ಊರಿಗೆ ಆಗುವಷ್ಟು ಮಾತು ಸಿದ್ಧವಾಗಿತ್ತು.

ಬಾಗಿಲು ತೆರೆದ ಶಿವಕುಮಾರಿ ಸಡಿಲ ಗೌನಿನ ಮೇಲೆ ಓಢಣಿ ಹೊದ್ದಿದ್ದಳು. ಮುಖ ಬತ್ತಿತ್ತು. ಮಲ್ಲಕ್ಕ ಅದನ್ನು ಕಂಡೂ ಕಾಣಲಿಲ್ಲ, ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

“ನನ್ನ ಕೈ ಕೆಟ್ಟೈತಿ ಅಂತ ಬಸುರಿ ಕೈಯಾಗ ಹೇಳಿ ಕಳಿಸ್ತೀ? ಬಾಯಿ ಇರಲಿಲ್ಲೇನ ನಿನಗ? ವರ್ಷ ಆತು, ಸತ್ತೇನ ಬದುಕೇನ ಅಂತ ಕೇಳಿಲ್ಲ. ಈಗ ಕುಬಸದ ನೆಪ ಮಾಡಿ ಮಗಳನ್ನ ಅಳಸಾಕತ್ತಿ. ತಗೋ, ಹಾಕ್ಕೊ. ಎಲ್ಲಿ ಸಡ್ಲ ಐತಿ, ನನ್ನ ಕಣ್ಣೆದುರಿಗೆ ತೋರ್ಸು.”

ಶಿವಕುಮಾರಿ ಕುಬಸ ತೆಗೆದುಕೊಂಡು ಒಳಗೆ ಹೋದಳು. ಗಂಡ ಹೊರಗೆ ಹೋಗಿದ್ದ, ಮಗಳು ಆಫೀಸಿಗೆ; ಮನೆಯಲ್ಲಿ ಅವರಿಬ್ಬರೇ. ಸ್ವಲ್ಪ ಹೊತ್ತಿಗೆ ಲಂಗ, ಕುಬಸದಲ್ಲಿ, ಓಢಣಿಯಿಲ್ಲದೆ ಬಂದು ಕಿಟಕಿಯ ಬೆಳಕಿಗೆ ನಿಂತಳು.

ಬಲಗಡೆ ಕುಬಸ ಅಚ್ಚು ಹೊಯ್ದಂತೆ ಕೂತಿತ್ತು. ಎಡಗಡೆ ಏನೂ ಇರಲಿಲ್ಲ. ಖಣ ಅಲ್ಲಿ ಕಾಯಿಪಲ್ಲೆ ತೆಗೆದ ಕೈಚೀಲದ ಹಾಗೆ ಒಳಕ್ಕೆ ಬಿದ್ದು, ನೆರಿಗೆಗಟ್ಟಿ ಜೋತಿತ್ತು. ಅಷ್ಟು ಕಷ್ಟಪಟ್ಟು ಕೂಡಿಸಿದ ಸಾಲುಗಳು ಆ ನೆರಿಗೆಯಲ್ಲಿ ಮುಳುಗಿಹೋಗಿದ್ದವು.

“ಹೋದ ವರ್ಷ ತಗದ್ರು,” ಅಂದಳು ಶಿವಕುಮಾರಿ. “ಕ್ಯಾನ್ಸರ್. ಈಗ ಏನೂ ಇಲ್ಲಂತ, ಬರೋಬರ್ ಆಗೇತಂತ. ಯಾರಿಗೂ ಹೇಳಿಲ್ಲ. ನಿನಗ ಫೋನ್ ಮಾಡಿದ್ರ ಹೇಳಿಬಿಡ್ತೀನಿ ಅಂತ ಮಾಡಲಿಲ್ಲ.”

ಒಂದು ಊರಿಗೆ ಆಗುವಷ್ಟು ತಂದ ಮಾತಿನಲ್ಲಿ ಮಲ್ಲಕ್ಕನಿಗೆ ಒಂದೂ ಉಳಿಯಲಿಲ್ಲ. ಸೋಫಾದ ಅಂಚಿಗೆ ಕೂತಳು. “ಮತ್ತ ಆ ಹಳೇ ಕುಬಸ ಯಾಕ ಕಳಿಸ್ದಿ?” ಅಂದಳು.

“ಏನೋ ಹುಚ್ಚು. ನಿನ್ನ ಕೈಯಾಗ ಅದೇ ಅಳತಿಗೆ ಹೊಲಿಸಿ ತೊಟ್ಕೊಂಡ್ರ ಮೊದಲಿನಂಗ ಆಗ್ತೀನಿ ಅನಿಸ್ತು. ತೊಟ್ಕೊಂಡು ಕನ್ನಡಿ ನೋಡಿದೆ. ಆಮ್ಯಾಲ ಮಗಳಿಗೆ ಹೇಳಿದೆ, ನಾ ಬರಂಗಿಲ್ಲ ಅಂತ.”

ಮಲ್ಲಕ್ಕ ಎದ್ದು ಹೋಗಿ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ಅಳು ಮುಗಿದ ಮೇಲೆ ಚಹಾ ಆಯಿತು. ಚಹಾ ಹೊಟ್ಟೆಗೆ ಇಳಿದದ್ದೇ ಮಲ್ಲಕ್ಕನೊಳಗಿನ ದರ್ಜಿ ಎಚ್ಚೆತ್ತಳು. ಇದಕ್ಕೆ ಅಳುವುದೇಕೆ, ದಾರಿ ಇದೆ ಅಂದಳು. ಒಳಗೆ ಅರಳೆಯ ಮೆತ್ತೆ ಕೂಡಿಸಿ ಹೊಲಿದರೆ ಬಲದ ಸಮಕ್ಕೆ ಎಡ ಎದ್ದು ನಿಲ್ಲುತ್ತದೆ. ಸಾಲಿಗೆ ಸಾಲು ಕೂಡುತ್ತದೆ. “ನಾ ಸರಿದೂಗಸ್ತೀನಿ ನೋಡು. ದೇವ್ರಿಗೂ ಗೊತ್ತಾಗಬಾರದು.”

“ದೇವ್ರಿಗೆ ಗೊತ್ತಿಲ್ಲದ್ದು ಏನೈತಿ? ನನಗ ಗೊತ್ತಾಗ್ತೈತಲ್ಲ,” ಅಂದಳು ಶಿವಕುಮಾರಿ. “ಆಸ್ಪತ್ರಿಯಾಗ ಅಂಥಾದ್ದೊಂದು ಕೊಟ್ಟಿದ್ರು. ಈ ಸೆಖಿಗೆ ಗಾಯದ ಮ್ಯಾಲ ಏನಿಟ್ರೂ ಉರಿ. ಒಮ್ಮೆ ಬೋರಿವಲಿ ಫಾಸ್ಟಿನ್ಯಾಗ ಗರ್ದಿಗೆ ಜಾರಿ ಕುತ್ತಿಗಿತನಕ ಬಂದಿತ್ತು. ಪಕ್ಕದಾಕಿ ಏನ ತಿಳಕೊಂಡ್ಳೋ ಏನೋ, ನನಗ ಸೀಟು ಬಿಟ್ಟುಕೊಟ್ಲು.”

ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಮಲ್ಲಕ್ಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ, ಆದರೂ ನಕ್ಕಳು.

“ನನಗ ಇದ್ದಂಗ ಹೊಲಿ. ಬಲಕ್ಕ ಬಲದ ಅಳತಿ, ಎಡಕ್ಕ ಎಡದ ಅಳತಿ. ಮೈಗೆ ಕುಂತ್ರ ಸಾಕು, ಜೋತು ಬೀಳಬಾರದು. ಮ್ಯಾಲ ಸೆರಗು ಇರ್ತೈತಿ, ಪಿನ್ನು ಹಾಕ್ಕೋತೀನಿ. ಹಂಗ ಹೊಲಿದ್ರ ಬರ್ತೀನಿ.”

ಮಲ್ಲಕ್ಕನ ಮುಖ ಇಳಿಯಿತು. ಎಡಭಾಗವನ್ನು ಚಪ್ಪಟೆ ಕತ್ತರಿಸಿದರೆ ಉದ್ದ ಕಮ್ಮಿಯಾಗುತ್ತದೆ. ಉದ್ದ ಕಮ್ಮಿಯಾದರೆ ಕೆಳಗಿನ ಸಾಲುಗಳು ಬಲದ ಸಾಲಿಗೆ ಕೂಡುವುದೇ ಇಲ್ಲ. ಖಣದ ಕುಬಸದಲ್ಲಿ ಸಾಲು ತಪ್ಪುವುದೆಂದರೆ! ಹಾಲ್‌ನಲ್ಲಿ ಬಂದು ಕೂರುವವರೆಲ್ಲ ತನ್ನ ಗಿರಾಕಿಗಳೇ. ಸೆರಗು ಒಂದು ಗೇಣು ಸರಿದರೆ ತನ್ನ ಇಷ್ಟು ವರ್ಷದ ಹೆಸರು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಗೆಳತಿಯ ಎದುರು ನಿಂತು ಇಂಥ ಲೆಕ್ಕ ಹಾಕುತ್ತಿದ್ದೇನಲ್ಲ ಅಂತ ಅವಳಿಗೆ ನಾಚಿಕೆಯೂ ಆಯಿತು. ಆದರೂ ಬಾಯಿ ಕೇಳಲಿಲ್ಲ.

“ಅದು ಸರಿದೂಗಸಿದಂಗ ಆಗೂದಿಲ್ಲ ಶಿವಕ್ಕಾ. ಒಂದ ಕಡಿ ಒಂದು ನಮೂನಿ, ಇನ್ನೊಂದ ಕಡಿ ಇನ್ನೊಂದು.”

“ಯಾಕ ಆಗೂದಿಲ್ಲ? ಇಷ್ಟು ವರ್ಷ ನಾ ತಕ್ಕಡಿ ಹಿಡಿದಾಕಿ, ನನಗ ಹೇಳ್ತೀಯೇನು?” ಶಿವಕುಮಾರಿಯ ದನಿಯಲ್ಲಿ ಹಳೇ ಕಾಯಿಪಲ್ಲೆಯವಳು ಎದ್ದು ನಿಂತಳು. “ಒಂದು ಪರಡಿಯಾಗ ಕಬ್ಬಿಣದ ಕಲ್ಲು, ಇನ್ನೊಂದು ಪರಡಿಯಾಗ ಬದನಿಕಾಯಿ. ಕಲ್ಲೂ ಬದನಿಕಾಯೂ ಒಂದ ನಮೂನಿ ಇರ್ತಾವೇನು? ಎರಡೂ ಕಡಿ ಬದನಿಕಾಯಿನ ಇಡು ಅಂತ ಯಾವ ಗಿರಾಕಿನೂ ಜಗಳ ತಗದಿಲ್ಲ. ಮುಳ್ಳು ನಡುವ ನಿಂತ್ರ ಸರಿದೂಗಿತು ಅಂತಿದ್ದೆ. ಮನ್ಯಾಗ ಕುಂತು ಅಳೂದು ಒಂದು ಪರಡಿ ಆಗೇತಿ ನನಗ. ಇನ್ನೊಂದು ಪರಡಿಯಾಗ ಏನ ಇಟ್ರ ಮುಳ್ಳು ನಿಲ್ತೈತಿ ಅನ್ನೂದು ನನಗ ಗೊತ್ತು. ನೀ ಹೊಲದು ಕೊಡು.”

ಮಲ್ಲಕ್ಕ ದಿನಾ ಬಾಯಲ್ಲಿ ಅಗಿದ ಮಾತು, ಇವಳ ಕೈಯಲ್ಲಿ ಬೇರೆಯದೇ ಆಯಿತು. ತಾನು ಇಷ್ಟು ವರ್ಷ ಮಡಚಿದ್ದಳು, ಕತ್ತರಿಸಿದ್ದಳು, ಒಂದನ್ನು ನೋಡಿ ಇನ್ನೊಂದನ್ನು ಮಾಡಿದ್ದಳು, ತೂಗಿದ್ದೆಲ್ಲಿ? ಸಾರಿಗೆ ಉಪ್ಪು ಹೆಚ್ಚಾದಾಗ ಮತ್ತೆ ಉಪ್ಪನ್ನೇನೂ ಹಾಕುತ್ತಿರಲಿಲ್ಲವಲ್ಲ. ಆ ಬುದ್ಧಿ ಕತ್ತರಿ ಹಿಡಿದ ಕೈಗೆ ಯಾಕೆ ಬರಲಿಲ್ಲ ಅಂತ ಅವಳಿಗೆ ತನ್ನ ಮೇಲೇ ಬೇಸರವಾಯಿತು. ಬಟ್ಟೆ ಸರಿಯಿತ್ತು. ಬಟ್ಟೆಯೊಳಗೆ ಇರಬೇಕಾದವಳು ಮನೆಯಲ್ಲಿ ಉಳಿಯುವವಳಿದ್ದಳು.

“ಟೇಪು ಐತೇನ ಮನ್ಯಾಗ?” ಅಂದಳು.

ಸೋನಾಲಿಯ ಆಫೀಸು ಸಾಮಾನಿನ ಡಬ್ಬಿಯಲ್ಲಿ ಒಂದು ಟೇಪು ಸಿಕ್ಕಿತು. ಮೈಯ ಅಳತೆಯನ್ನೇ ತೆಗೆಯದ ಮಲ್ಲಕ್ಕ ಮೊದಲು ಬಲಗಡೆ ತೆಗೆದಳು. ಎಡಗಡೆಗೆ ಬಂದಾಗ ನಿಂತಳು. ಶಿವಕುಮಾರಿ ಅವಳ ಕೈ ಹಿಡಿದು ತಾನೇ ಗಾಯದ ಗೆರೆಯ ಮೇಲೆ ಇಟ್ಟುಕೊಂಡಳು. “ನೋಯಂಗಿಲ್ಲ, ಹಿಡಿ,” ಅಂದಳು. ಅಳೆಯುತ್ತ ಹೋದಂತೆ ಬಲ ಭುಜ ಎಡಕ್ಕಿಂತ ಒಂದು ಬೆರಳು ಕೆಳಗಿರುವುದೂ ಕಂಡಿತು. ಆಸ್ಪತ್ರೆಯದಲ್ಲ ಅದು, ವರ್ಷಗಟ್ಟಲೆ ತಕ್ಕಡಿ ಎತ್ತಿದ್ದು. ಹಳೇ ಕುಬಸವೂ ಆ ಭುಜದ ಮೇಲೆ ಎಂದೂ ಸರಿಯಾಗಿ ಕೂತಿರಲಿಕ್ಕಿಲ್ಲ. ಎಲ್ಲರ ಮನೆಯ ದೋಸೆಯೂ ತೂತೇ ಅಂದಮೇಲೆ ಎಲ್ಲರ ಮೈಯೂ ಹೀಗೇ ಇರಬೇಕು ಅಂತ ಮಲ್ಲಕ್ಕನಿಗೆ ಅನಿಸಿತು.

“ಯಾರಿಗೂ ಹೇಳಬ್ಯಾಡ,” ಅಂದಳು ಬೀಳ್ಕೊಡುವಾಗ ಶಿವಕುಮಾರಿ.

“ನನ್ನ ಬಾಯಿಗೆ ಹೊಲಿಗಿ ಹಾಕ್ಕೋತೀನಿ,” ಅಂದಳು ಮಲ್ಲಕ್ಕ.

ಮನೆಗೆ ಬಂದು ಕುಬಸ ಬಿಚ್ಚಿದಳು. ಎಡದ ತುಂಡನ್ನು ಒಂಟಿಯಾಗಿ ಹಾಸಿ, ಮಡಚದೆ, ಅದಕ್ಕೇ ಬೇರೆ ಗೆರೆ ಹಾಕಿದಳು. ಕತ್ತರಿ ಹಿಡಿದಾಗ ತಪ್ಪು ಮಾಡುತ್ತಿರುವ ಹಾಗೆ ಅನಿಸಿತು. ಹೊಲಿದು ಮುಗಿಸಿ ಹೂಕು ಹಾಕಿ ನೋಡಿದರೆ ಮೇಲಿನ ಸಾಲುಗಳು ಕೂಡಿದ್ದವು, ಕೆಳಗಿನವು ಮೆಟ್ಟಿಲು ತಪ್ಪಿದಂತೆ ಹೋಗಿದ್ದವು. ನೋಡಲು ಕೆಟ್ಟದಾಗಿಯೇ ಇತ್ತು. ಈ ಸಲ ಮರೆಪ್ಪನಿಗೆ ತೋರಿಸಲಿಲ್ಲ.

ಭಾನುವಾರ ವಡಾಲದ ಹಾಲ್ ಗಿಜಿಗುಡುತ್ತಿತ್ತು. ಹಸಿರು ಸೀರೆ, ಹಸಿರು ಕುಬಸ, ಮೊಳಕೈವರೆಗೆ ಹಸಿರು ಬಳೆ ತೊಟ್ಟ ಸೋನಾಲಿ ಹಸೆಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಶಿವಕುಮಾರಿ ಬಂದಳು. ಸೆರಗಿಗೆ ಎರಡು ಕಡೆ ಪಿನ್ನು, ಹಣೆತುಂಬ ಕುಂಕುಮ, ಬೆನ್ನು ನೆಟ್ಟಗೆ. ಮಗಳ ಮುಖ ಅರಳಿದ್ದನ್ನು ಕಂಡು ಮಲ್ಲಕ್ಕನಿಗೆ ತಾನು ಹೊಲಿದ ಬೇರಾವ ಕುಬಸವೂ ಇಷ್ಟು ಚೆಂದ ಇರಲಿಲ್ಲ ಅನಿಸಿತು.

ಉಡಿ ತುಂಬುವ ಹೊತ್ತು ಬಂತು. ಶಿವಕುಮಾರಿ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿದ ಮೊರ ಎತ್ತಿಕೊಂಡು ಮಗಳ ಮುಂದೆ ಬಗ್ಗಿದಳು. ಮೊರದ ಅಂಚಿಗೆ ಸೆರಗು ಸಿಕ್ಕಿತು, ಭುಜದ ಪಿನ್ನು ಟಪ್ಪೆಂದು ಕಳಚಿತು. ಸೆರಗು ಮೊಳಕೈಗೆ ಇಳಿಯಿತು.

ಎಡಪಕ್ಕದಲ್ಲೇ ಕೂತಿದ್ದವಳು ರುಕ್ಮಿಣಿಬಾಯಿ. ಆಂಟಾಪ್ ಹಿಲ್ಲಿನಲ್ಲಿ ಅವಳ ಕಣ್ಣು ತಪ್ಪಿಸಿ ಹಾಲಿನವನೂ ನೀರು ಬೆರೆಸಲಾರ. ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದೇನಲ್ಲ. ಆಕೆ ನೋಡಿದ್ದು ಖಣವನ್ನು.

“ಅಯ್ಯ, ಮಲ್ಲಕ್ಕಾ! ಇದೇನ ಇದು, ಈ ಕಡಿ ಸಾಲು ಆ ಕಡೀಗೆ ಕೂಡೇ ಇಲ್ಲ! ಎಡಗಡೆ ಪೂರಾ ಎಳದು ಬಿಗಿ ಮಾಡಿಟ್ಟೀಯಲ್ಲ! ಕಣ್ಣು ಹೋದಾವೇನ ನಿನಗ?”

ಹೆಂಗಸರೆಲ್ಲ ಕತ್ತು ಚಾಚಿದರು. ಯಾರೋ ಕಿಸಕ್ಕೆಂದರು. ಇನ್ನಾರೋ ಮುಂದಿನ ತಿಂಗಳ ಮದುವೆಯ ಖಣವನ್ನು ಬೇರೆ ಕಡೆ ಕೊಡುವುದು ಒಳ್ಳೆಯದು ಅಂತ ಪಕ್ಕದವಳ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ, ಹೇಳಿದರು. ಮಲ್ಲಕ್ಕನ ಕಿವಿ ಬಿಸಿಯಾಯಿತು. ಒಂದು ಮಾತು ಸಾಕಿತ್ತು ಅವಳ ಹೆಸರು ಉಳಿಯಲು. ಆ ಮಾತು ನಾಲಿಗೆಯ ತುದಿಗೂ ಬರಲಿಲ್ಲವಲ್ಲ ಅಂತ ಅವಳಿಗೇ ಆಮೇಲೆ ಆಶ್ಚರ್ಯವಾಯಿತು.

“ಹೌದವಾ, ವಯಸ್ಸಾತಲ್ಲ,” ಅಂದಳು ನಗುತ್ತ. “ಕತ್ತರಿ ಜಾರ್ತು. ಅರ್ಜೆಂಟ್ ಕೆಲಸ, ಸರಿದೂಗಸಾಕ ಆಗಲಿಲ್ಲ.”

ಶಿವಕುಮಾರಿ ಬಗ್ಗಿದವಳು ಹಾಗೇ ನಿಂತಳು. ಒಂದು ಕೈಯ ಬೆರಳು ಸೆರಗಿನ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ಅವಳು ಮಲ್ಲಕ್ಕನ ಕಡೆ ನೋಡಿದಳು. ಮಲ್ಲಕ್ಕ ಕಣ್ಣಲ್ಲೇ ‘ಬೇಡ’ ಅಂದಳು. ಶಿವಕುಮಾರಿ ಮೊರವನ್ನು ಮಗಳ ತೊಡೆಯ ಮೇಲಿಟ್ಟು ನೆಟ್ಟಗಾದಳು.

“ಕತ್ತರಿ ಜಾರಿಲ್ಲ ರುಕ್ಮಿಣಿಬಾಯಿ. ನನಗ ಕ್ಯಾನ್ಸರ್ ಆಗಿತ್ತು. ಎಡದ್ದು ತಗದು ಹಾಕ್ಯಾರ. ಇದು ನನ್ನ ಮೈ ಅಳತಿ. ಟೇಪ್ ಹಿಡದು ಹೊಲದಾಳ ಆಕಿ.”

ಸೋನಾಲಿ ಅವ್ವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಬಳೆಗಳು ಗಲ್ಲೆಂದವು. ಮಲ್ಲಕ್ಕನಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

“ನಾ ಒಂದು ಸುಳ್ಳು ಹೇಳಿ ಮುಗಿಸಿದ್ನಲ್ಲ, ನಿನಗ್ಯಾಕ ಬೇಕಾಗಿತ್ತು?”

“ನಿನ್ನ ಹೆಸರು ಹಾಳು ಮಾಡಿ ನಾ ಏನ ಮುಚ್ಚಿಟ್ಕೊಳ್ಳಿ?” ಅಂದಳು ಶಿವಕುಮಾರಿ. ಮೊರದಿಂದ ಬೊಗಸೆತುಂಬ ಅಕ್ಕಿ ತೆಗೆದು ಮಗಳ ಉಡಿಗೆ ಹಾಕಿದಳು.

ರುಕ್ಮಿಣಿಬಾಯಿ ಎದ್ದು ಬಂದಳು. ಜಾರಿದ ಸೆರಗಿನ ತುದಿ ಹಿಡಿದು ಮೇಲೆತ್ತಿದವಳು, ಭುಜದ ಹತ್ತಿರ ತಡೆದಳು. ಇಡೀ ಆಂಟಾಪ್ ಹಿಲ್ಲಿಗೆ ಕೇಳುತ್ತಿದ್ದ ದನಿ ಈಗ ಪಕ್ಕದವಳಿಗೂ ಕೇಳಿಸಲಿಲ್ಲ.

“ಹೊದಸಲೇನ ತಂಗಿ, ಇರಲೇನ?”

“ಇರಲಿ ಬಿಡು ಅಕ್ಕಾ,” ಅಂದಳು ಶಿವಕುಮಾರಿ, ಇನ್ನೊಂದು ಬೊಗಸೆ ಅಕ್ಕಿಗೆ ಬಗ್ಗುತ್ತ.